ಮೀಟರಿನವರು ಓದಿಸಿದ ವಿಮಾನದ ಪುಸ್ತಕಗಳು

ಟಕ್, ಟಕ್. ಬೆರಳ ಗೆಣ್ಣಿನಿಂದ ಗಾಜಿನ ಮೇಲೆ ಎರಡು ಸಲ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ...

ಹೋದ ವಾರ ಕರೆಂಟ್ ಆಫೀಸಿನವರು ಬಂದು ನಮ್ಮ ಪಡಸಾಲೆಯ ಹಳೆಯ ಕರಿ ಮೀಟರನ್ನು ಕಿತ್ತು, ಬಿಳಿಯದೊಂದನ್ನು ಕೂಡಿಸಿ ಹೋದರು. ಹೊಸದರಲ್ಲಿ ಚಕ್ರವಿಲ್ಲ. ಒಂದು ಕೆಂಪು ದೀಪ ಮಿಣುಕುತ್ತದೆ, ಅಷ್ಟೇ. ಕಿತ್ತ ಮೀಟರನ್ನು ಚೀಲಕ್ಕೆ ಹಾಕುವಾಗ ಅದರ ಗಾಜು ಯಾವುದಕ್ಕೋ ತಗುಲಿ ಸದ್ದಾಯಿತು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ನಾನು, ಎಪ್ಪತ್ತು ದಾಟಿದ ಮುದುಕಿ, "ಬಂದ್ರೇನ್ರಿ?" ಎಂದು ಎದ್ದೇಬಿಟ್ಟೆ. ತಂಗಿ ನನ್ನ ಮುಖ ನೋಡಿದಳು.

"ಯಾರು ಬರ್ತಾರಕ್ಕ ಈಗ?" ಎಂದಳು.

ಹೌದು, ಯಾರು ಬರುತ್ತಾರೆ.

ಮೀಟರಿನವರು ಎಂದೇ ನಾವು ಅವರನ್ನು ಕರೆಯುತ್ತಿದ್ದೆವು. ಹೆಸರು ಗೊತ್ತಿತ್ತು. ಇಲ್ಲಿ ಬರೆಯುವುದಿಲ್ಲ, ಕಾರಣವನ್ನು ಆಮೇಲೆ ಹೇಳುತ್ತೇನೆ. ತಿಂಗಳಿಗೊಮ್ಮೆ ಮನೆಮನೆಗೆ ಬಂದು ಮೀಟರ್ ಓದಿ, ಕೊರಳಿಗೆ ನೇತುಹಾಕಿಕೊಂಡ ಪುಟ್ಟ ಮಷಿನ್ನಿನಲ್ಲಿ ಬಿಲ್ ಹರಿದುಕೊಡುವ ಕೆಲಸ. ತೆಳ್ಳಗೆ, ಎತ್ತರಕ್ಕೆ ಇದ್ದರು. ರಿಟೈರ್ ಆಗಲು ಹೆಚ್ಚು ದಿನ ಉಳಿದಿರಲಿಲ್ಲ. ಓದುವ ಮೊದಲು ಮೀಟರಿನ ಗಾಜನ್ನು ಎರಡು ಸಲ ತಟ್ಟಿ, ತಲೆ ವಾಲಿಸಿ, ಒಳಗಿನ ಚಕ್ರ ಸರಿಯಾಗಿ ತಿರುಗುತ್ತಿದೆಯೇ ಎಂದು ಕಾಯುವುದು ಅವರ ಅಭ್ಯಾಸ. ಡಾಕ್ಟರು ಎದೆ ತಟ್ಟಿ ನೋಡಿದ ಹಾಗೆ.

ಆ ಮನುಷ್ಯ ನಮ್ಮ ಕಡೆ ಇಂಗ್ಲಿಷ್ ಬಲ್ಲವರು ಎಂದು ಯಾರೇ ಕಂಡರೂ ವಿಮಾನಗಳ ಚರಿತ್ರೆಯ ಪುಸ್ತಕಗಳನ್ನು ಓದಿರಿ ಎಂದು ಶಿಫಾರಸು ಮಾಡುತ್ತಿದ್ದರು. ಒಬ್ಬನೇ ಲೇಖಕನ ಮೂರು ಸಂಪುಟ. ಬರೆದವನು ಸ್ವತಃ ಟೆಸ್ಟ್ ಪೈಲಟ್. ಅಂದರೆ ಹೊಸ ವಿಮಾನ ಕಾರ್ಖಾನೆಯಿಂದ ಹೊರಬಂದಾಗ, ಅದು ಹಾರುತ್ತದೋ ಬೀಳುತ್ತದೋ ಎಂದು ಮೊದಲು ಏರಿ ನೋಡುವ ಆಸಾಮಿ. ಪುಸ್ತಕ ವಾಪಸು ಕೊಟ್ಟಾಗ ಮೀಟರಿನವರು ಎಲ್ಲರನ್ನೂ ಒಂದೇ ಮಾತು ಕೇಳುತ್ತಿದ್ದರು: "ಬರದಾತನ್ನ ನಂಬಬೌದೇನ್ರಿ?" ಆ ಪ್ರಶ್ನೆಯ ಹಿಂದೆ, ವಿಮಾನ ಬೀಳಿಸಿದವನು ಎಂಬ ಅಪವಾದ ಹೊತ್ತು ಸತ್ತ ಅವರ ಅಣ್ಣ ಇದ್ದ. ಆ ಅಪವಾದವನ್ನು ಅವನ ಬದಲು ಹೊತ್ತುಕೊಂಡು ಹಡಗಲಿಯಲ್ಲಿ ಬದುಕಿದ್ದ ಅತ್ತಿಗೆ ಇದ್ದರು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎನ್ನುವುದು ಅವರ ಹಟ.

ನಮಗೆ ಗೊತ್ತಿದ್ದದ್ದು ಒಂದೇ. ಈ ಮನುಷ್ಯನ ಮೇಲೆ ಅನುಮಾನ.

ಅನುಮಾನಕ್ಕೆ ಕಾರಣವೂ ಇತ್ತು ಅನ್ನಿ. ನನ್ನ ತಂಗಿ ಗಂಡ ತೀರಿಕೊಂಡ ಮೇಲೆ ಹಿತ್ತಲಲ್ಲಿ ಶ್ಯಾವಿಗೆ ಮಷಿನ್ ಇಟ್ಟಿದ್ದಳು. ಬೇಸಿಗೆ ಬಂತೆಂದರೆ ಕೊಟ್ಟೂರಿನ ಅರ್ಧ ಹೆಂಗಸರು ನಾದಿದ ಹಿಟ್ಟಿನ ಬೋಗುಣಿ ಹಿಡಿದು ನಮ್ಮ ಹಿತ್ತಲಲ್ಲಿ ಪಾಳಿ ಹಚ್ಚುತ್ತಿದ್ದರು. ಮಷಿನ್ ಓಡುತ್ತಿದ್ದದ್ದು ಮನೆಯ ಮೀಟರಿನಲ್ಲಿ. ವ್ಯಾಪಾರಕ್ಕೆ ಬೇರೆ ಮೀಟರ್ ಹಾಕಿಸಬೇಕು ಎನ್ನುವುದು ತಂಗಿಗೂ ಗೊತ್ತಿತ್ತು, ಪಾಳಿಯಲ್ಲಿ ನಿಂತವರಿಗೂ ಗೊತ್ತಿತ್ತು. ಓಣಿಯ ತುದಿಯಲ್ಲಿ ಮೀಟರಿನವರ ಲೂನಾ ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ಯಾರೋ ಒಬ್ಬರು "ಬಂದ್ರವ್ವಾ" ಎನ್ನುತ್ತಿದ್ದರು. ಮಷಿನ್ ಬಂದ್ ಆಗುತ್ತಿತ್ತು. ಅದರ ಮೇಲೆ ತಂಗಿಯ ಹಳೆಯ ಇಳಕಲ್ ಸೀರೆ ಬೀಳುತ್ತಿತ್ತು. ಹೆಂಗಸರೆಲ್ಲ ಹಿಟ್ಟಿನ ಬೋಗುಣಿ ಸೆರಗಿನಲ್ಲಿ ಮುಚ್ಚಿಕೊಂಡು, ಯಾವುದೋ ಹರಟೆಗೆ ಬಂದವರ ಹಾಗೆ ಕೂತುಬಿಡುತ್ತಿದ್ದರು. ಅಷ್ಟು ಜನ ಹೆಂಗಸರು ಒಟ್ಟಿಗೆ ಸುಮ್ಮನೆ ಕೂತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನಾನು. ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಅಲ್ಲಿ ಸಿಸ್ಟರುಗಳು ನನಗಿಟ್ಟ ಹೆಸರು ಡೌಟಿಂಗ್ ಥಾಮಸ್, ಮುಟ್ಟಿ ನೋಡದೆ ಏನನ್ನೂ ನಂಬದ ಬೈಬಲ್ಲಿನ ಶಿಷ್ಯನ ಹೆಸರು. ಮೆಸ್ಸಿನ ಹಾಲಿಗೆ ನೀರು ಬೆರೆಸಿದ್ದಾರೆಂದು ಬೆರಳದ್ದಿ ತೋರಿಸಿ ಒಂದು ವಾರ ಹಾಲಿಲ್ಲದೆ ಕೂತವಳು ನಾನೇ. ಆಮೇಲೆ ಹರಪನಹಳ್ಳಿಯಲ್ಲಿ ಇಂಗ್ಲಿಷ್ ಮೇಡಂ ಆಗಿ ಕಾಲ ಕಳೆದೆ. ಮದುವೆಯಾಗಲಿಲ್ಲ. ಬಂದ ಗಂಡುಗಳ ಮೇಲೆಲ್ಲ ಡೌಟು. ರಿಟೈರ್ ಆಗಿ ಟ್ರಂಕು ತುಂಬ ಪುಸ್ತಕ ಹೊತ್ತುಕೊಂಡು ತಂಗಿಯ ಮನೆಗೆ ಬಂದೆ. ಆ ಪುಸ್ತಕಗಳನ್ನು ಪಡಸಾಲೆಯ ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿದ್ದೆ, ಮೀಟರಿನ ಪಕ್ಕದಲ್ಲೇ.

ಒಂದು ದಿನ ಮೀಟರಿನವರು ಬಿಲ್ ಹರಿದುಕೊಟ್ಟು, ಹೊರಡದೆ ಬೀರುವಿನ ಮುಂದೆ ನಿಂತರು.

"ಇವೆಲ್ಲ ಇಂಗ್ಲೀಷ್ ಬುಕ್ಕೇನ್ರಿ ಅಮ್ಮಾರ? ನೀವ ಓದೀರೇನು?"

"ನಾ ಓದದ ಮತ್ಯಾರು ಓದ್ತಾರ್ರಿ?"

"ಪೂರಾ ಓದ್ತೀರೋ, ಅಲ್ಲಲ್ಲಿ ನೋಡಿ ಇಡ್ತೀರೋ?"

ಎಂಥ ಪ್ರಶ್ನೆ! ನನಗೆ ಸಿಟ್ಟು ಬಂತು. "ಮುನ್ನುಡಿಯಿಂದ ಹಿಡದು ಕಡೀ ಪುಟದ ತನಕ ಓದ್ತೀನಿ. ನಮ್ಮ ಸಿಸ್ಟರು ಹಂಗ ಕಲಿಸ್ಯಾರ. ಪುಸ್ತಕ ಮುಗಿಯೋ ಮುಂಚೆ ಅಭಿಪ್ರಾಯ ಹೇಳಿದ್ರ ಹೊರಗ ನಿಂದ್ರಸ್ತಿದ್ರು" ಎಂದೆ. ಅವರು ತಲೆಯಾಡಿಸಿ ಹೋದರು. ಮುಂದಿನ ತಿಂಗಳು ಬರುವಾಗ ಪೇಪರಿನಲ್ಲಿ ಸುತ್ತಿದ ದಪ್ಪ ಪುಸ್ತಕವೊಂದು ಅವರ ಕಂಕುಳಲ್ಲಿತ್ತು.

"ಇದೊಂದು ಓದ್ರಿ ಅಮ್ಮಾರ. ಇಮಾನದ ಚರಿತ್ರಿ. ಬರದಾತ ತಾನ ಹಾರಿಸಿ ನೋಡಿ ಬರದಾನ."

"ಇಮಾನದ್ದು ನನಗ್ಯಾಕ್ರಿ?"

"ಸುಮ್ನ ಓದ್ರಿ. ಚಲೋ ಐತಂತ."

ಅಂತ! ಅಂದರೆ ತಾವು ಓದಿಲ್ಲ. ತಾವೇ ಓದದ ಪುಸ್ತಕವನ್ನು ಹೊತ್ತು ತಂದು ಮಂದಿಗೆ ಓದಿರಿ ಅನ್ನುವ ಮನುಷ್ಯನನ್ನು ಯಾರು ನಂಬುತ್ತಾರೆ? ಅವರು ಹೋದ ಮೇಲೆ ತಂಗಿ ಪುಸ್ತಕವನ್ನು ಮೂಸಿ ನೋಡಿದಳು, ತಿರುಗಿಸಿ ಅಲುಗಾಡಿಸಿದಳು. ಕೊನೆಯ ಪುಟಗಳ ನಡುವಿನಿಂದ ಒಣಗಿದ ಬೇವಿನ ಎಲೆಯೊಂದು ಉದುರಿತು.

"ನೋಡಿದೇನಕ್ಕ, ಎಲಿ! ಏನೋ ಮಾಟ ಮಾಡ್ಯಾನ."

"ಹುಳ ಹಿಡೀಬಾರ್ದಂತ ಇಟ್ಟಿರ್ತಾರಲೇ. ಇದ್ದಲ್ಲೇ ಇಡು."

"ಹಂಗಾರ ಇದು ನೆಪ. ಪುಸ್ತಕ ಕೊಡಾಕ ಒಮ್ಮೆ ಬರ್ತಾನ, ಇಸಗೊಳ್ಳಾಕ ಒಮ್ಮೆ ಬರ್ತಾನ. ಒಂದಿನ ಮಷಿನ್ ಓಡೋ ಹೊತ್ತಿಗೆ ಬಂದು ನಿಂತಿರ್ತಾನ ನೋಡು."

ಪಾಳಿಯಲ್ಲಿದ್ದ ಒಬ್ಬಾಕೆ ಬೇರೆಯೇ ಹೇಳಿದಳು. "ಮಷಿನ್ ಅಲ್ಲವ್ವಾ. ಅಕ್ಕಾರ ಮ್ಯಾಲೆ ಕಣ್ಣು ಬಿದ್ದೈತಿ." ಹಿತ್ತಲು ತುಂಬ ನಗು. ಶೇಮ್‌ಲೆಸ್ ವಿಮೆನ್, ಎಂದು ಬೈದು ನಾನು ಒಳಗೆ ಬಂದೆ. ಆದರೂ ಮುಂದಿನ ತಿಂಗಳು ಅವರು ಬರುವ ದಿನ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿರಲಿಲ್ಲ ಎಂದು ಹೇಳಲಾರೆ.

ವಿಚಾರಿಸಿದೆ. ಕೂಡ್ಲಿಗಿಯಲ್ಲಿ ಒಬ್ಬ ವಕೀಲರಿಗೂ ಇದೇ ಪುಸ್ತಕ ಕೊಟ್ಟಿದ್ದರಂತೆ. ಹರಪನಹಳ್ಳಿಯ ಲೆಕ್ಚರರ್ ಒಬ್ಬರಿಗೆ ಕೊಟ್ಟಿದ್ದರಂತೆ, ಕಾನಹೊಸಹಳ್ಳಿಯ ಡಾಕ್ಟರಿಗೂ ಕೊಟ್ಟಿದ್ದರಂತೆ. ಎಲ್ಲರೂ "ಫೈನ್ ಬುಕ್, ವೆರಿ ನೈಸ್" ಎಂದು ವಾಪಸು ಮಾಡಿದ್ದರು. ಯಾಕೆ ಕೊಟ್ಟರೆಂದು ಒಬ್ಬರಿಗೂ ಗೊತ್ತಿಲ್ಲ. ಲೆಕ್ಚರರ್ ಮಾತ್ರ, "ಎಕ್ಸೆಂಟ್ರಿಕ್ ಫೆಲೋ ಮೇಡಂ, ಹಾರ್ಮ್‌ಲೆಸ್" ಎಂದರು. ಹಾರ್ಮ್‌ಲೆಸ್ ಎಂಬ ಮಾತು ಕೇಳಿದಾಗ ನನ್ನ ಡೌಟು ಇನ್ನೂ ಹೆಚ್ಚಾಯಿತು.

ಸರಿ, ಓದಿದೆ.

ಏನು ಹೇಳಲಿ... ಒಂದು ಸಾಲು ನೋಡೋಣವೆಂದು ಕೂತವಳು ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟೆ. ಚರಿತ್ರೆ ಎಂದರೆ ಯಾರು ಯಾವಾಗ ಏನು ಕಂಡುಹಿಡಿದರು ಎಂಬ ಪಟ್ಟಿ ಎಂದುಕೊಂಡಿದ್ದೆ. ಇವನದು ಹಾಗಲ್ಲ. ಒಂದೊಂದು ವಿಮಾನವನ್ನೂ ತಾನು ಒಮ್ಮೆ ಸಾಕಿದ ದನದ ಹಾಗೆ ನೆನೆಯುತ್ತಾನೆ. ಇದು ಎಡಕ್ಕೆ ಜಗ್ಗುತ್ತಿತ್ತು, ಅದು ಬೆಳಗಿನ ಚಳಿಯಲ್ಲಿ ಹಟ ಮಾಡುತ್ತಿತ್ತು, ಇನ್ನೊಂದು ಕೊಲ್ಲುವ ಮುಂಚೆ ಒಮ್ಮೆ ಮೈನಡುಗಿಸಿ ಎಚ್ಚರಿಸುತ್ತಿತ್ತು. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಕಸ ಗುಡಿಸುವವನಿಂದ ಹಿಡಿದು ಡಿಸೈನ್ ಮಾಡುವ ಸಾಹೇಬನವರೆಗೆ ಎಲ್ಲರ ಸ್ವಭಾವ ಬರೆಯುತ್ತಾನೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅವನು ತನ್ನ ಅಂಜಿಕೆ ಮುಚ್ಚಿಡದಿರುವುದು. ಈ ಸಲ ತಪ್ಪು ನನ್ನದೇ, ಅವಸರ ಮಾಡಿದೆ, ಪುಣ್ಯಕ್ಕೆ ಬದುಕಿದೆ ಎಂದು ಪುಟಕ್ಕೊಮ್ಮೆ ಒಪ್ಪಿಕೊಳ್ಳುತ್ತಾನೆ. ಅವನ ಇಂಗ್ಲಿಷೂ ಅಷ್ಟೇ, ಮಡಿಚಿಟ್ಟ ಬಿಳಿ ಕರವಸ್ತ್ರದ ಹಾಗೆ. ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡ ನನ್ನಂಥವಳಿಗೂ ಅದು ಹೇಗೆ ಹಾರಲು ಕಲಿಯಿತೆಂದು ತಿಳಿಯಿತು. ಈಗ ಯಾರಾದರೂ ಕೇಳಿದರೆ ನಾನೂ ಹೇಳುತ್ತೇನೆ, ವಿಮಾನದ ಚರಿತ್ರೆಯನ್ನು ಹಾರಿಸಿ ನೋಡಿದವನು ಬರೆದದ್ದನ್ನೇ ಓದಿ ಎಂದು. ಆದರೆ ಮೂರೂ ಸಂಪುಟ ಓದಿ, ಒಂದೇ ಓದಿ ಬಿಡಬೇಡಿ.

ಮೊದಲ ಸಂಪುಟ ವಾಪಸು ಕೊಟ್ಟಾಗ ಅವರು ನನ್ನ ಮುಖ ನೋಡಲಿಲ್ಲ. ಮೊದಲು ಪುಸ್ತಕ ಬಿಚ್ಚಿ ಬೇವಿನ ಎಲೆ ಎಲ್ಲಿದೆ ಎಂದು ನೋಡಿದರು. ನಾನು ಓದುತ್ತಾ ಅದನ್ನು ಬೇರೆ ಪುಟಕ್ಕೆ ಸರಿಸಿದ್ದೆ. ಅದನ್ನು ಕಂಡು ಅವರ ಕಣ್ಣು ಅರಳಿದ್ದು ನನಗೆ ವಿಚಿತ್ರವೆನಿಸಿತು. ಆಮೇಲೆ ಆ ಪ್ರಶ್ನೆ ಬಂತು.

"ಬರದಾತನ್ನ ನಂಬಬೌದೇನ್ರಿ?"

"ಧಾರಾಳ ನಂಬಬೌದು. ತನ್ನ ತಪ್ಪು ತಾನ ಹೇಳೋ ಮನಶಾ."

ಮೆಚ್ಚಿದರೆ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು. "ಹೌದೇನ್ರಿ" ಎಂದಷ್ಟೇ ಹೇಳಿ ಎರಡನೆಯ ಸಂಪುಟ ಇಟ್ಟು ಹೋದರು. ತಾವೇ ಶಿಫಾರಸು ಮಾಡಿದ ಲೇಖಕ ಪ್ರಾಮಾಣಿಕ ಎಂದು ತಿಳಿದು ಕುಗ್ಗುವ ಮನುಷ್ಯ! ಸಮ್‌ಥಿಂಗ್ ಈಸ್ ರಾಂಗ್, ಎಂದು ಅಂದೇ ತಂಗಿಗೆ ಹೇಳಿದೆ. ತಂಗಿ ಮಷಿನ್ನಿಗೆ ಇನ್ನೊಂದು ಸೀರೆ ಹೊದಿಸಿದಳು.

ಎರಡನೆಯದೂ ಮುಗಿಯಿತು. ಮೂರನೆಯದರಲ್ಲಿ ಒಂದು ಅಧ್ಯಾಯ ಓದಿ ನಾನು ನಿಂತೆ. ಒಂದು ಹೊಸ ವಿಮಾನದ ಪರೀಕ್ಷೆ. ಮುಂದಿನ ಸೀಟಿನಲ್ಲಿ ಇವನು, ಹಿಂದಿನ ಸೀಟಿನಲ್ಲಿ ಅಳತೆ ತೋರಿಸುವ ಗೇಜುಗಳನ್ನು ಓದಿ ಬರೆದುಕೊಳ್ಳುವ ಒಬ್ಬ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಪೆಟ್ರೋಲ್ ಕಾಕ್, ಅಂದರೆ ನಲ್ಲಿ, ಹಿಂದಿನವನ ಕೈಗೆ ಸಿಗುವಂತಿತ್ತು. ಹಿಂದಿನವನು ತಪ್ಪು ಕಾಕ್ ತಿರುಗಿಸಿದ, ಎಂಜಿನ್ ನಿಂತಿತು, ಇವನು ಪ್ಯಾರಾಚೂಟಿನಲ್ಲಿ ಇಳಿದ, ಅವನು ಇಳಿಯಲಿಲ್ಲ. ಎರಡೇ ಪುಟ. ಕಸ ಗುಡಿಸುವವನ ಸ್ವಭಾವವನ್ನೂ ಬರೆಯುವವನು ಸತ್ತ ಮನುಷ್ಯನ ಬಗ್ಗೆ ಒಂದು ಮಾತೂ ಬರೆದಿರಲಿಲ್ಲ. ಆ ದಿನದ ಬಿಸಿಲು, ಗಾಳಿ, ತಿಂದ ತಿಂಡಿ, ಹೊಟ್ಟೆಯೊಳಗಿನ ಅಂಜಿಕೆ, ಯಾವುದೂ ಇರಲಿಲ್ಲ.

ಆ ತಿಂಗಳು ಮೀಟರಿನವರು ಬಂದಾಗ ನಾನೇ ಮೊದಲು ಮಾತು ತೆಗೆದೆ.

"ಇದ್ರಾಗ ಒಂದು ಅಧ್ಯಾಯ ನನಗ ಸರಿ ಕಾಣ್ಲಿಲ್ರಿ."

ಅವರು ಯಾವುದೆಂದು ಕೇಳಲಿಲ್ಲ. ಕಾಯುತ್ತಾ ನಿಂತರು. ನಾನು ಪುಟ ತೆಗೆದು ತೋರಿಸಿದೆ.

"ಯಾಕ ಸರಿ ಕಾಣ್ಲಿಲ್ಲ?"

"ಮೂರು ಪುಸ್ತಕದಾಗ ಇವನಿಂದ ತಪ್ಪಾಗದ ದಿನ ಇದೊಂದ."

ಅವರು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಅಷ್ಟು ತಿಂಗಳಲ್ಲಿ ಅವರು ನಮ್ಮ ಮನೆಯಲ್ಲಿ ಕೂತದ್ದು ಅದೇ ಮೊದಲು. ಹಿತ್ತಲ ಬಾಗಿಲ ಸಂದಿಯಲ್ಲಿ ತಂಗಿಯ ಕಣ್ಣು ಕಾಣುತ್ತಿತ್ತು.

"ಅನುಮಾನನೋ, ಖಾತ್ರಿನೋ?" ಎಂದು ಕೇಳಿದರು.

"ಅನುಮಾನ."

"ಅನುಮಾನಕ್ಕ ಬಿಲ್ ಹಾಕಾಕ ಬರಂಗಿಲ್ರಿ ಅಮ್ಮಾರ." ನಕ್ಕರು, ಆದರೆ ಅದು ನಗುವಿನ ಹಾಗೆ ಕೇಳಲಿಲ್ಲ. ಎದ್ದರು. ಹೋಗುವ ಮುಂಚೆ ಮೀಟರ್ ಓದುವುದು ಉಳಿದಿತ್ತಲ್ಲ, ಗೋಡೆಯ ಹತ್ತಿರ ಹೋಗಿ, ಗೆಣ್ಣಿನಿಂದ ಗಾಜು ತಟ್ಟಿದರು. ಟಕ್, ಟಕ್. ತಲೆ ವಾಲಿಸಿ ಕಾದರು.

ಅಷ್ಟು ದಿನ ಕಂಡದ್ದೇ, ಕೇಳಿದ್ದೇ. ಆದರೆ ನಾನು ಅದನ್ನು ಎಲ್ಲೋ ಓದಿಯೂ ಇದ್ದೆ!

"ನಿಲ್ರಿ. ಹಂಗ ತಟ್ಟೋದು ಯಾರು ಕಲಿಸಿದ್ರು ನಿಮಗ? ನಿಮ್ಮ ಆಫೀಸಿನ್ಯಾಗೇನು?"

"ಆಫೀಸಿನ್ಯಾಗ ಯಾರು ಕಲಸ್ತಾರ್ರಿ. ನಮ್ಮಣ್ಣ. ರಜಾಕ್ಕ ಊರಿಗೆ ಬಂದಾಗ ಕಲಿಸಿದ್ದ."

"ಮೊದಲನೇ ಪುಸ್ತಕ ತರ್ರಿ. ಈಗಿಂದೀಗ."

ಏನು ಎತ್ತ ಎಂದು ಕೇಳದೆ ಲೂನಾ ಹತ್ತಿ ಹೋದರು. ತಂಗಿ ಬಾಗಿಲಿನಿಂದ ಹೊರಬಂದು, "ಏನಾತಕ್ಕ? ಮಷಿನ್ ಸುದ್ದಿ ತಗದ್ನೇನು?" ಎಂದಳು. "ಯು ಅಂಡ್ ಯುವರ್ ಮಷಿನ್! ಸುಮ್ಕಿರು" ಎಂದೆ. ಅವರು ಬರುವಷ್ಟರಲ್ಲಿ ನಾನು ಕನ್ನಡಕವನ್ನು ಎಷ್ಟು ಸಲ ಒರೆಸಿಕೊಂಡೆನೋ.

ಪುಟ ಸಿಕ್ಕಿತು. ಮೊದಲ ಸಂಪುಟದ ನಡುವೆಲ್ಲೋ, ಬೇರೆ ಯಾವುದೋ ವಿಮಾನದ ಕಥೆಯಲ್ಲಿ, ಸುಮ್ಮನೆ ಹಾದುಹೋಗುವ ಒಂದು ಪ್ಯಾರಾ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ: ನಮ್ಮ ಹ್ಯಾಂಗರಿನಲ್ಲಿ ಬಳ್ಳಾರಿ ಕಡೆಯವನೊಬ್ಬ ಇದ್ದ. ಜೇಬಿನಲ್ಲಿ ಸದಾ ಹುರಿದ ಶೇಂಗಾ. ಗಾಜನ್ನು ಗೆಣ್ಣಿನಿಂದ ಎರಡು ಸಲ ತಟ್ಟದೆ ಯಾವ ಗೇಜನ್ನೂ ಅವನು ನಂಬುತ್ತಿರಲಿಲ್ಲ. ಅದರದರ ಹೆಸರನ್ನು ಬಾಯಿಬಿಟ್ಟು ಹೇಳದೆ ಯಾವ ಸ್ವಿಚ್ಚನ್ನೂ ಕಾಕನ್ನೂ ಮುಟ್ಟುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು. ಆದರೆ ಕಣ್ಣು ಕಟ್ಟಿ ಹಾರು ಎಂದರೂ ಅವನನ್ನು ಹಿಂದೆ ಕೂರಿಸಿಕೊಂಡು ನಾನು ಹಾರುತ್ತಿದ್ದೆ.

"ಶೇಂಗಾ..." ಎಂದರು ಮೀಟರಿನವರು. "ಅವ್ವ ಹುರದು ಡಬ್ಬಿ ತುಂಬಿ ಕಳಸ್ತಿದ್ಲು."

ಆಮೇಲೆ ಎಲ್ಲ ಹೇಳಿದರು. ಅಣ್ಣ ಐಟಿಐ ಓದಿ ಬೆಂಗಳೂರಿನಲ್ಲಿ ವಿಮಾನದ ಕೆಲಸಕ್ಕೆ ಸೇರಿದ್ದ. ಅವರ ಕೇರಿಯಿಂದ ಸಂಬಳದ ಕೆಲಸ ಹಿಡಿದ ಮೊದಲಿಗ. ಅವನು ಸತ್ತಾಗ ಮೀಟರಿನವರು ಇನ್ನೂ ಶಾಲೆಯಲ್ಲಿದ್ದರು. ಸಾವಿನ ಸುದ್ದಿಯ ಜೊತೆಗೇ, ಅವನ ಕೈತಪ್ಪಿನಿಂದಲೇ ವಿಮಾನ ಬಿತ್ತು ಎಂಬ ಸುದ್ದಿಯೂ ಬಂತು. ಅಷ್ಟು ದೊಡ್ಡ ಕೆಲಸಕ್ಕೆ ಇವನಂಥವನನ್ನು ಯಾಕೆ ಸೇರಿಸಿಕೊಂಡರೋ ಎಂದು ಕೆಲವರು ಮನೆಯ ಮುಂದೆಯೇ ಆಡಿದರಂತೆ. ತಾಯಿ ಅದನ್ನೇ ನಂಬಿ ತೀರಿಹೋದರು. ಅತ್ತಿಗೆ ತವರಾದ ಹಡಗಲಿ ಸೇರಿದರು. ವರ್ಷಗಳಾದ ಮೇಲೆ ಆ ಪೈಲಟ್ ಪುಸ್ತಕ ಬರೆದಿದ್ದಾನೆ, ಅದರಲ್ಲಿ ಈ ವಿಷಯವೂ ಇದೆ ಎಂದು ಯಾರೋ ಹೇಳಿದರು. ಇವರು ಮೂರೂ ಸಂಪುಟ ತರಿಸಿ, ಆ ಎರಡು ಪುಟಗಳನ್ನು ಪರಿಚಯದವರೊಬ್ಬರಿಂದ ಓದಿಸಿದರು. ಓದಿದವರಿಗೆ ಮೊದಲೇ ಕಥೆ ಹೇಳಿದ್ದರು. "ಹೌದೌದು, ಪೈಲಟ್ ಸುಳ್ಳು ಹೇಳ್ಯಾನ" ಎಂದುಬಿಟ್ಟರು ಅವರು.

"ನನಗ ಖುಷಿ ಆಗ್ಲಿ ಅಂತ ಹೇಳಿದ್ರಿ ಅಮ್ಮಾರ. ಅದು ಲೆಕ್ಕಕ್ಕಿಲ್ಲ." ಮೀಟರಿನ ಕಡೆ ಕೈ ತೋರಿಸಿದರು. "ಒಂದು ಮೀಟ್ರಿನ ಮ್ಯಾಲೆ ಅನುಮಾನ ಬಂತಂದ್ರ, ಅದರ ಪಕ್ಕಕ್ಕ ಇನ್ನೊಂದು ಮೀಟ್ರು ಕೂಡಸ್ತೀವಿ. ಚೆಕ್ ಮೀಟ್ರು ಅಂತೀವಿ. ಇದು ಏನು ತೋರಸ್ತೈತಿ ಅಂತ ಅದಕ್ಕ ಗೊತ್ತಿರಬಾರ್ದು. ಹಂಗಂತ ಯಾರಿಗೂ ಏನೂ ಹೇಳದ ಪುಸ್ತಕ ಕೊಟ್ಟೆ. ಆದ್ರ ಎಲ್ರೂ ಎಲಿ ಇದ್ದ ಪುಟದಾಗ ಎಲಿ ಹಂಗ ಇಟ್ಟು ವಾಪಸ್ ಕೊಟ್ರು."

ಅಂದರೆ ಯಾರೂ ಓದಿರಲಿಲ್ಲ. ವಕೀಲರೂ ಇಲ್ಲ, ಡಾಕ್ಟರೂ ಇಲ್ಲ, ಲೆಕ್ಚರರೂ ಇಲ್ಲ. ಫೈನ್ ಬುಕ್, ವೆರಿ ನೈಸ್!

ನನ್ನ ಡೌಟು ಆಗಲೂ ಪೂರ್ತಿ ಹೋಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಂಥ ಎಚ್ಚರದ ಮನುಷ್ಯನಿಗೂ ಒಮ್ಮೆ ಕೈ ತಪ್ಪಬಹುದು. ಶೇಂಗಾದವನೂ ಸತ್ತವನೂ ಒಬ್ಬನೇ ಎಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಇದನ್ನು ಅವರಿಗೂ ಹೇಳಿದೆ. "ಗೊತ್ತೈತ್ರಿ" ಎಂದರು. "ಪೈಲಟನ ತಪ್ಪು ಅಂತ ನನಗ ಬ್ಯಾಡ. ಹೆಸರು ಹೇಳದ ಮುಟ್ಟದಾಂವ ಅಂತ ಆ ಪೈಲಟ್ ತಾನ ಬರದಾನಲ್ಲ, ಅಷ್ಟು ನಮ್ಮ ಅತ್ತಿಗಿಗೆ ಹೇಳಬೇಕು. ನಾ ಹೇಳಿದ್ರ ನಂಬಂಗಿಲ್ಲ. ನೀವು ಬರ್ರಿ."

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಡಗಲಿಗೆ ಹೋದೆವು. ತಂಗಿ ಕಳಿಸುವ ಮುಂಚೆ ನನ್ನ ಬಂಗಾರದ ಬಳೆ ತೆಗೆಸಿಟ್ಟುಕೊಂಡಳು. ಅವಳ ಅನುಮಾನ ಅವಳಿಗೆ. ಅತ್ತಿಗೆಯ ಮನೆ ಊರಂಚಿನಲ್ಲಿತ್ತು, ಸುತ್ತ ಮಲ್ಲಿಗೆ ತೋಟಗಳು. ಆಕೆ ಹೊಸ್ತಿಲ ಒಳಗೆ ಕೂತು, ಒದ್ದೆ ಬಟ್ಟೆಯ ಮೇಲೆ ಹರವಿದ ಮೊಗ್ಗುಗಳನ್ನು ಕಟ್ಟುತ್ತಿದ್ದರು. ಬಸ್ಸಿಗೆ ಹೋಗಬೇಕಾದ ಹೂವು, ಅರಳುವ ಮುಂಚೆ ಕಟ್ಟಿ ಮುಗಿಸಬೇಕು. ನಮ್ಮನ್ನು ನೋಡಿದರು. ಕೈ ನಿಲ್ಲಿಸಲಿಲ್ಲ.

"ಯಾರಿವರು?"

"ಕೊಟ್ಟೂರಿನ ಅಮ್ಮಾರ. ಇಂಗ್ಲೀಷ್ ಓದ್ಯಾರ. ಅಣ್ಣನ ಸುದ್ದ್ಯಾಗ..."

"ಇಂಗ್ಲೀಷ್ ಓದಿದೋರು ಬಂದಾಗೆಲ್ಲ ಈ ಮನ್ಯಾಗಿಂದ ಏನಾರ ಹೋಗೇತಿ. ಅವತ್ತೂ ಬಂದಿದ್ರು, ಕಾಗದಕ್ಕ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ್ರು. ಈಗೇನು ಒಯ್ಯಾಕ ಬಂದೀರವ್ವಾ?"

ಜೀವನವೆಲ್ಲ ಮಂದಿಯನ್ನು ಅನುಮಾನಿಸಿದವಳು ನಾನು. ಒಬ್ಬಾಕೆ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. "ಏನೂ ಒಯ್ಯಂಗಿಲ್ರಿ, ಒಂದೀಟು ಓದಿ ಹೋಗ್ತೀನಿ" ಎಂದು ಹೊಸ್ತಿಲ ಹೊರಗೇ ಕೂತೆ. ಆಕೆ ಇನ್ನೊಂದು ಮೊಗ್ಗು ಎತ್ತಿಕೊಂಡರು. ನಾನು ಓದಿದೆ. ಬಳ್ಳಾರಿ ಕಡೆಯವನು. ಮೊಗ್ಗು ಎತ್ತಿ ಗಂಟು ಹಾಕುವ ಬೆರಳು ಓಡುತ್ತಲೇ ಇತ್ತು. ಜೇಬಿನಲ್ಲಿ ಶೇಂಗಾ. ಬೆರಳು ನಿಧಾನವಾಯಿತು. ಗಾಜನ್ನು ಎರಡು ಸಲ ತಟ್ಟದೆ... ಅಲ್ಲಿ ಬೆರಳು ನಿಂತುಬಿಟ್ಟಿತು. ದಾರದಲ್ಲಿ ಅರ್ಧ ಬಿಗಿದ ಗಂಟು ಹಾಗೆಯೇ ಉಳಿಯಿತು.

ಓದಿ ಮುಗಿಸಿದೆ. ಆಕೆ ನನ್ನನ್ನು ಬಿಟ್ಟು ಮೈದುನನ ಕಡೆ ತಿರುಗಿದರು. ಕಣ್ಣಲ್ಲಿ ಇನ್ನೂ ಅದೇ ಅನುಮಾನ.

"ಏನೋ ತಮ್ಮಾ, ನೀ ಹೇಳಿಕೊಟ್ಟು ಕರಕೊಂಡು ಬಂದೀಯೇನು ಈಕೀನ?"

"ಇಲ್ಲತ್ತಿಗಿ. ಯಾರಿಗೂ ಏನೂ ಹೇಳಿಲ್ಲ. ಅದಕ್ಕ ಇಷ್ಟು ವರ್ಷ ಹಿಡೀತು."

ಆಕೆ ಆ ಮಾತನ್ನು ಮೊಗ್ಗು ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಡಿಲಿನಲ್ಲಿದ್ದ ಹೂವನ್ನೆಲ್ಲ ಬಟ್ಟೆಗೆ ಸುರಿದು, ಹೊಸ್ತಿಲ ಮೇಲಿನ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು.

"ಒಳಗ ಬಂದು ಕುಂದರ್ರಿ. ಇನ್ನೊಮ್ಮಿ ಓದ್ರಿ" ಎಂದರು.

ಅಂದು ಹಡಗಲಿಯ ಆ ಮನೆಯ ಹೂವು ಬಸ್ಸಿಗೆ ಹೋಗಲಿಲ್ಲ. ಎಲ್ಲ ಒದ್ದೆ ಬಟ್ಟೆಯ ಮೇಲೆಯೇ ಅರಳಿದವು. ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೊರಡುವಾಗ ಮೊದಲ ಸಂಪುಟವನ್ನು ಆಕೆಯೇ ಇಟ್ಟುಕೊಂಡರು. ಓದಲು ಬಾರದು, ಆದರೂ.

ಪುಸ್ತಕದ ಹೆಸರೇನು, ಬರೆದವನು ಯಾರು ಎಂದು ನೀವು ಕೇಳುತ್ತೀರಿ. ಹೇಳುವುದಿಲ್ಲ. ಮೀಟರಿನವರ ಹೆಸರನ್ನೂ ಇದಕ್ಕೇ ಬರೆಯಲಿಲ್ಲ. ಹೇಳಿದರೆ ನೀವು ಆ ಎರಡು ಪುಟಗಳನ್ನೇ ಹುಡುಕಿ ತೆಗೆದು, ನಾನು ಹೇಳಿದ್ದನ್ನೇ ಕಾಣುತ್ತೀರಿ. ಅದು ಲೆಕ್ಕಕ್ಕಿಲ್ಲ. ಎಲ್ಲಾದರೂ ಯಾವಾಗಲಾದರೂ ಒಬ್ಬ ಟೆಸ್ಟ್ ಪೈಲಟ್ ಬರೆದ ವಿಮಾನಗಳ ಚರಿತ್ರೆ ನಿಮ್ಮ ಕೈಗೆ ಸಿಕ್ಕರೆ, ಮುನ್ನುಡಿಯಿಂದ ಕಡೆಯ ಪುಟದವರೆಗೆ ಓದಿ, ನಿಮಗೇ ಏನಾದರೂ ಸರಿ ಕಾಣುವುದಿಲ್ಲವೋ ನೋಡಿ...

ಹಡಗಲಿಗೆ ಹೋಗಿಬಂದ ಮುಂದಿನ ತಿಂಗಳು ಬಿಲ್ ಕೊಡಲು ಬೇರೆ ಯಾರೋ ಬಂದರು. ಮೀಟರಿನವರು ರಿಟೈರ್ ಆಗಿ ಮಗಳ ಊರಿಗೆ ಹೋದರೆಂದು ತಿಳಿಯಿತು. ಕೆಲವು ವರ್ಷಗಳ ಮೇಲೆ ತೀರಿಕೊಂಡರೆಂಬ ಸುದ್ದಿ ಬಂತು, ಶ್ಯಾವಿಗೆ ಪಾಳಿಯಲ್ಲಿ ನಿಂತಿದ್ದವಳೊಬ್ಬಳ ಬಾಯಿಂದ. ತಂಗಿ ಮಷಿನ್ ಬಂದ್ ಮಾಡಿದಳು. ಆ ದಿನ ಯಾರ ಭಯಕ್ಕೂ ಅಲ್ಲ. ಈಗ ಆ ಕರಿ ಮೀಟರೂ ಇಲ್ಲ. ತಟ್ಟಿದರೆ ಸದ್ದು ಕೊಡುವ ಗಾಜು ಈ ಮನೆಯಲ್ಲಿ ನನ್ನ ಬೀರುವಿನದು ಮಾತ್ರ ಉಳಿದಿದೆ. ಅದನ್ನು ತಟ್ಟಲು ನನಗೆ ಮನಸ್ಸಾಗಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಡಗಲಿಯಿಂದ ಬಂದ ಆ ಸಂಜೆ, ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ. ನನ್ನನ್ನು ಕೊಟ್ಟೂರಿನ ಬಸ್ಸು ಹತ್ತಿಸಿ, ತಮಗೆ ಅಲ್ಲೇ ಕೆಲಸವಿದೆ ಎಂದು ಉಳಿದರು. ಕಿಟಕಿಯ ಕೆಳಗೆ ಬಂದು ನಿಂತರು. ನಾನು ಗಾಜು ಸರಿಸಿದೆ.

"ಅಮ್ಮಾರ, ತಂಗ್ಯಾರಿಗೆ ಹೇಳ್ರಿ, ಬ್ಯಾರೆ ಮೀಟ್ರು ಹಾಕಿಸ್ಕೊಳ್ರಿ ಅಂತ. ಆ ಶ್ಯಾವಿಗಿ ಮಷಿನ್ ಮ್ಯಾಲೆ ಬಿಸಿ ಆರೋ ಮುಂಚೆ ಸೀರಿ ಹೊದಸ್ತಾರಲ್ಲ, ಬಾಗಿಲ ಸಂದ್ಯಾಗಿಂದ ಕಾಣ್ತೈತಿ, ಮೋಟ್ರು ಸುಟ್ಟು ಹೋಗ್ತೈತಿ."

"ಎಲಾ! ನಿಮಗ ಗೊತ್ತಿತ್ತೇನ್ರಿ?"

"ಚಕ್ರ ಹೇಳ್ತಿತ್ತಲ್ರಿ."

ನನಗೆ ನಗು ತಡೆಯಲಾಗಲಿಲ್ಲ. ಡ್ರೈವರ್ ಗಾಡಿ ಚಾಲೂ ಮಾಡಿದ, ಧೂಳೆದ್ದಿತು, ನಾನು ಗಾಜು ಮುಚ್ಚಿಕೊಂಡೆ. ಅವರು ಅಭ್ಯಾಸಬಲದಿಂದ ಬೆರಳು ಮಡಿಸಿ ಗೆಣ್ಣನ್ನು ಗಾಜಿನವರೆಗೆ ತಂದರು. ತಟ್ಟಲಿಲ್ಲ. ಅದೇಕೋ ಬೆರಳು ಬಿಡಿಸಿ, ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರು. ಬಸ್ಸು ಮುಂದೆ ಸರಿಯಿತು.

ಗಾಜಿನ ಧೂಳಿನಲ್ಲಿ ಆ ಅಂಗೈಯ ಗುರುತು ಕೊಟ್ಟೂರಿನವರೆಗೂ ನನ್ನ ಜೊತೆಗೇ ಬಂತು.